ಪಿಟೀಲಿಗೊಂದು ಊರು

ಟಿಕೆಟ್ ಸಾಲಿನಲ್ಲಿ ಮನಸ್ಸಿನಲ್ಲೇ ಜಪ ಮಾಡುತ್ತಿದ್ದ ಮೇಷ್ಟ್ರ ಕಿವಿ, ಮುಂದಿದ್ದ ಪಿಟೀಲಿನವನ ಮತ್ತು ಅವನ ಹೆಂಡತಿಯ ಮಾತಿಗೆ ಜಾರಿತು. ಅವನ ಅಭ್ಯಾಸದ ಸದ್ದು ತಾಳಲಾರದೆ ಮೂರನೆಯ ಬಾಡಿಗೆ ಮನೆಯ ಮಾಲೀಕರೂ ಅವರಿಂದ ಮನೆ ಬಿಡಿಸಿದ್ದರಂತೆ.

“ದೊಡ್ಡೂರಿಗೇ ಹೋಗೋಣ ಕಣೆ. ಅಲ್ಲಿ ಸಂಗೀತ ಕೇಳೋ ಜನ ಇದ್ದಾರೆ.”

“ಮನೆ ಸಿಗಬೇಕಲ್ಲ? ನೀವು ನುಡಿಸ್ತಿದ್ದಾಗ ಅಲ್ಲಿನ ಮನೆ ಓನರ್‌ಗೆ ಫೋನಲ್ಲೇ ಕೇಳ್ಸಿದೆ. ‘ಯಾರಮ್ಮ ಅದು, ಹಲ್ಲು ಕೀಳಿಸ್ಕೊಳ್ತಿರೋದು?’ ಅಂದ್ರು.”

“ಮತ್ತೆ ಆ ಚಿಕ್ಕೂರಿನ ಮನೆ ಓನರ್?”

“ಆ ಅಜ್ಜಿ, ‘ಇನ್ನೊಂದ್ಸಲ ನುಡಿಸ್ಲಿ’ ಅಂದ್ರು.”

ಪಿಟೀಲಿನವನ ಎದೆ ಉಬ್ಬಿತು.

“ಅಜ್ಜಿಗೆ ಕಿವಿ ಚುರುಕಾಗಿದೆ ತಾನೇ?”

“ಒಂದು ಕಿವಿ ಚೆನ್ನಾಗೇ ಇದೆಯಂತೆ.”

“ಫೋನ್ ಹಿಡಿದಿದ್ದು ಯಾವ ಕಿವಿಗೆ?”

“ಅದೆಲ್ಲ ಕೆದಕ್ಬೇಡಿ. ನಮ್ಮ ಸರದಿ ಬಂತು.”

ಅವನು ಚಿಕ್ಕೂರಿಗೇ ಎರಡು ಟಿಕೆಟ್ ಕೊಂಡ. ಹೊರಡುತ್ತ ಹೆಂಡತಿಗೆ ಹೇಳಿದ:

“ಆ ಇನ್ನೊಂದು ಕಿವಿಗೂ ಕೇಳಿಸೋ ಹಾಗೆ ನುಡಿಸ್ತೀನಿ, ನೋಡ್ತಿರು.”