ಸ್ಲಾವೆಂಕಾಳ ಕಾಲ್ಗುಣ

ನನ್ನ ಹೆಸರು ದೆಸಾಂಕಾ ತೊಷಿಚ್, ಗಂಡ ರಾದೋಯೆ ತೊಷಿಚ್, ವಯಸ್ಸು 41, ಬೇಕರಿಯಲ್ಲಿ ಕೆಲಸ, ವಾಸ ನೀಶ್ ನಗರ, ರೈಲು ನಿಲ್ದಾಣದ ಹಿಂಭಾಗ. ಸ್ಲಾವೆಂಕಾ ಎಂಬಾಕೆ ನನ್ನ ಮೇಲೆ ಕೊಟ್ಟ ದೂರಿನ ಬಗ್ಗೆ ಠಾಣೆಗೆ ಹಾಜರಾಗಿ ಬರೆಸುವುದೇನೆಂದರೆ:

ಇದೇ ತಿಂಗಳು 3ರಂದು ನನ್ನ ಗಂಡ ಚಿಮಣಿ ಸರಿಮಾಡಲು ಹತ್ತಿ ಛಾವಣಿಯಿಂದ ಬಿದ್ದರು. ಅಂದಿನಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಪೆಟ್ಟಾದ ಮಿದುಳಿನಿಂದ ಒಂದು ಪ್ರೋಟೀನ್ ರಕ್ತಕ್ಕೆ ಸೋರುತ್ತದೆ, ಅದರ ಮಟ್ಟ ಇಳಿಯುತ್ತ ಬಂದರೆ ಚೇತರಿಕೆಯ ಆಸೆ ಇಟ್ಟುಕೊಳ್ಳಬಹುದು, ಏರಿದರೆ ಕಷ್ಟ ಎಂದು ಡಾಕ್ಟರ್ ಮಿಲಿವೋಯೆ ತಿಳಿಸಿದರು. ಮೊದಲೆರಡು ದಿನ ಅದು ಏರುತ್ತಲೇ ಇತ್ತು. ನಾನು ಇವರ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ.

5ರಂದು ಸಂಜೆ 4 ಗಂಟೆಗೆ ಸ್ಲಾವೆಂಕಾ ಬಂದಳು. ಈಕೆ ನನ್ನ ಗಂಡನ ಮೊದಲ ಹೆಂಡತಿ, ಬಿಟ್ಟುಹೋಗಿ ಹನ್ನೆರಡು ವರ್ಷವಾಯಿತು. ಅರ್ಧ ಗಂಟೆ ಇವರ ಕೈ ಹಿಡಿದು ಕೂತಳು. ಮರುದಿನ ಬೆಳಿಗ್ಗೆ ರಕ್ತ ಪರೀಕ್ಷೆಯಲ್ಲಿ ಮಟ್ಟ ಇಳಿದಿತ್ತು. ನನ್ನ ಅತ್ತೆ ಪೆರ್ಸಿದಾ ವಾರ್ಡಿಗೆಲ್ಲ ಕೇಳುವಂತೆ, "ಕಾಲ್ಗುಣ ಅಂದ್ರೆ ಇದು ಕಣೇ. ನೀನೂ ಎರಡು ದಿನ ಗೂಬೆ ಹಾಗೆ ಕೂತಿದ್ದೆ, ಏನು ಬಂತು?" ಎಂದರು. ಅಂದೂ ಅವಳು ಬಂದಳು, 7ರಂದು ಇನ್ನಷ್ಟು ಇಳಿಯಿತು. ಅತ್ತೆ ಅವಳಿಗೆ ಕಾಫಿ ತರಿಸಿದರು, ನನ್ನನ್ನು ಕೇಳಲಿಲ್ಲ. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ಉರಿಯಿತು. ಗಂಡ ಬದುಕಲಿ ಎಂದು ಬೇಡುತ್ತಿದ್ದವಳು ಮಟ್ಟ ಇಳಿಯಿತೆಂದು ಶೌಚಾಲಯಕ್ಕೆ ಹೋಗಿ ಕಣ್ಣೀರು ಹಾಕಿದೆ.

ಅದೇ ಸಂಜೆ ಅವಳನ್ನು ಬಾಗಿಲಲ್ಲಿ ತಡೆದು, "ನಿನಗೇನೇ ಇಲ್ಲಿ ಕೆಲಸ?" ಎಂದು ಕೇಳಿದೆ. "ಕೆಲಸ ಆಗ್ತಿದೆಯಲ್ಲ, ಅವರ ರಕ್ತಾನೇ ಹೇಳ್ತಿದೆ" ಎಂದಳು. ನಾನು ಕೋಟಿನ ಕಾಲರ್ ಹಿಡಿದು ತಳ್ಳಿದ್ದು, ಅವಳು ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಉಳುಕಿದ್ದು ನಿಜ. ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದು ಹೇಳಿ ಹೋದಳು.

8ರ ಬೆಳಿಗ್ಗೆ ಮಟ್ಟ ಏರಿತ್ತು. ಮಿದುಳು ಮತ್ತೆ ಊದಿಕೊಂಡಿದೆ, ಬಂದು ಹೋಗುವವರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ನನಗೂ ಅರ್ಥವಾಯಿತು. ಆದರೂ ಮಧ್ಯಾಹ್ನ ಸ್ಲಾವೆಂಕಾಳ ಮನೆಗೆ ಹೋಗಿ ಕರೆದೆ. ಅವಳು ಬಾಗಿಲು ತೆರೆಯಲಿಲ್ಲ.

ಅವಳಿಗಾದ ನೋವಿಗೆ ಏನು ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ. ಪೊಲೀಸರು ಹೇಳಿದರೆ ಅವಳು ಬಂದಾಳು. ನಾಳೆ ರಕ್ತ ತೆಗೆಯುವ ಮೊದಲು ಅವಳನ್ನು ಕರೆಸಿ ಇವರ ಪಕ್ಕ ಕೂರಿಸಬೇಕೆಂದು ಕೋರುತ್ತೇನೆ. ನಾನು ಹೊರಗೆ ಬೆಂಚಿನ ಮೇಲೆ ಇರುತ್ತೇನೆ. ಇವರು ಕಣ್ಣು ಬಿಡುವ ಹಾಗೆ ಕಂಡರೆ ಮಾತ್ರ ಅವಳನ್ನು ಅಲ್ಲಿಂದ ಎಬ್ಬಿಸಿ ನನ್ನನ್ನು ಒಳಗೆ ಕರೆಯಬೇಕು.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ನೀಶ್
ದಿನಾಂಕ: 8 ನವೆಂಬರ್ 2019
ಸಹಿ: ದೆಸಾಂಕಾ ತೊಷಿಚ್, ರಾದೋಯೆ ಅವರ ಹೆಂಡತಿ