ಎಂಬತ್ತು ಎಡ ತೋಳು

ಪಾಸ್ಟರ್ ಅವರೇ, ಹಿರಿಯರೇ, ನಮ್ಮ ಹೊಲಿಗೆ ಕಾರ್ಖಾನೆಯ ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಮಾಸ್ಟರ್ ಅವರ ಮನೆಯವರು, ನಮ್ಮೆಲ್ಲರ ಅಕ್ಕ, ಮಗಳ ಜೊತೆ ಕೂತಿದ್ದಾರೆ. ಅಕ್ಕ, ನಿಮಗೆ ಸಮಾಧಾನ ಹೇಳುವ ಯೋಗ್ಯತೆ ನನಗಿಲ್ಲ. ಇದು ಬಾಯಿಮಾತಿಗೆ ಹೇಳಿದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಮಾಸ್ಟರ್ ಅವರಿಗೆ ಹೇಳಬೇಕಾಗಿದ್ದ ಒಂದು ವಿಷಯ ನನ್ನಲ್ಲೇ ಉಳಿದಿದೆ. ಅದನ್ನು ಹೇಳಲೆಂದೇ ಈ ಮೈಕಿನ ಮುಂದೆ ಬಂದಿದ್ದೇನೆ. ಧೈರ್ಯ ಬರುವವರೆಗೆ ಸ್ವಲ್ಪ ಸುತ್ತಿ ಬಳಸಿ ಮಾತಾಡುತ್ತೇನೆ, ತಾಳ್ಮೆಯಿರಲಿ.

ಮಾಸ್ಟರ್ ಮೊದಲು ಹೇಗಿದ್ದರು — ಹಳಬರಿಗೆ ಗೊತ್ತು. ಕುತ್ತಿಗೆಯಲ್ಲಿ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನ ತುಂಬ ಚಾಕಿನ ಪುಡಿ. ಇಡೀ ಕಾರ್ಖಾನೆಗೆ ಅವರೊಬ್ಬರೇ ಕಟಿಂಗ್ ಮಾಸ್ಟರ್, ಆ ಜಂಬವೂ ಇತ್ತು. ಭಕ್ತಿಯಲ್ಲೂ ಹಾಗೇ. ಊಟದ ಹೊತ್ತಿಗೆ ಪ್ರಾರ್ಥನೆ ಶುರು ಮಾಡಿದರೆ ಲೋಕದ ಪಾಪಿಗಳೆಲ್ಲ ಅದರೊಳಗೆ ಬರಬೇಕು. "ಕರ್ತನೇ, ಇಲ್ಲೂ ಕೆಲವರಿದ್ದಾರೆ" ಅಂತ ಒಂದು ಕಣ್ಣು ತೆರೆದು — ಹೀಗೆ — ನಮ್ಮ ಕಡೆ ನೋಡುತ್ತಿದ್ದರು. ನಮ್ಮ ಡಬ್ಬಿ ಆರಿ ತಣ್ಣಗಾಗಿರುತ್ತಿತ್ತು. ಗುಂಡಿ ಹಾಕುವ ಅಕ್ಕ ಪಿಸುಗುಟ್ಟುತ್ತಿದ್ದರು, "ದೇವರಿಗೂ ಹಸಿವಾಗಿರುತ್ತೆ, ಯಾರಾದ್ರೂ ಹೇಳ್ರೋ." ನಗಬಹುದು, ತಪ್ಪಿಲ್ಲ. ಆಮೇಲಾಮೇಲೆ ಅವರೇ ಇದನ್ನು ಹೇಳಿಕೊಂಡು ನಗುತ್ತಿದ್ದರು.

ಆ ವರ್ಷ ಒಂದು ಆಸ್ಪತ್ರೆಗೆ ನಲವತ್ತು ಕೋಟು ಹೊಲಿಯುವ ಕೆಲಸ ಬಂತು. ಕತ್ತರಿಸುವ ಮುಂಚೆ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುವುದು ಆಗ ನನ್ನ ಕೆಲಸ. ಒಂದು ಪದರ ಮುಖ, ಅಂದರೆ ಬಟ್ಟೆಯ ಹೊರಮೈ, ಮೇಲಕ್ಕೆ, ಇನ್ನೊಂದು ಮುಖ ಕೆಳಕ್ಕೆ. ಹಾಗೆ ಹಾಸಿದರೆ ಎಡ ತೋಳು, ಬಲ ತೋಳು ಜೋಡಿಯಾಗಿ ಬರುತ್ತದೆ. ಎಲ್ಲವನ್ನೂ ಮುಖ ಮೇಲಕ್ಕೇ ಹಾಸಿದರೆ ಬರುವುದೆಲ್ಲ ಒಂದೇ ಕಡೆಯ ತೋಳು. ಮಾಸ್ಟರ್ ಬಂದರು, ಚಾಕಿನಲ್ಲಿ ಗೆರೆ ಎಳೆದರು, ಹಾಡು ಗುನುಗುತ್ತ ಕತ್ತರಿಸಿಬಿಟ್ಟರು. ಶನಿವಾರ ಹೊಲಿಯಲು ಕೂತಾಗ ನೋಡಿದರೆ — ಎಂಬತ್ತು ತೋಳು. ಎಂಬತ್ತೂ ಎಡ.

ಕಾರ್ಖಾನೆಯ ಯಜಮಾನರು ಕೆಂಡವಾದರು. ಮಾಸ್ಟರ್ ನನ್ನನ್ನು ಎಲ್ಲರ ಎದುರಿಗೆ ನಿಲ್ಲಿಸಿ ಬೈದರು. "ಬುದ್ಧಿ ಎಲ್ಲಿಟ್ಟಿದ್ದೆ? ದೇವರ ಭಯ ಇಲ್ಲದೋನು ಕೈಯಿಟ್ಟರೆ ಹೀಗೇ ಆಗೋದು." ನನಗೆ ಮೈ ಉರಿದುಹೋಯಿತು. "ನೀವೇ ತಾನೇ ಎಲ್ಲಾ ಮುಖ ಮೇಲೆ ಹಾಸು ಅಂದಿದ್ದು" ಅಂದೆ. ಅವರು ಕನ್ನಡಕ ತೆಗೆದು ಆ ತೋಳುಗಳನ್ನೇ ತಿರುವಿ ನೋಡತೊಡಗಿದರು. ನಾನು ತಲೆಯೆತ್ತಿಕೊಂಡು ಮನೆಗೆ ಹೋದೆ.

ಮಾರನೆ ದಿನ ಭಾನುವಾರ. ಚರ್ಚಿನಲ್ಲಿ ಅವತ್ತು ಪ್ರಾರ್ಥನೆ ನಡೆಸಬೇಕಾದವರು ಅವರೇ — ಪಾಸ್ಟರ್, ನಿಮಗೆ ನೆನಪಿರಬೇಕು. ಆರಾಧನೆ ನಡೆಯುತ್ತಿದ್ದ ಹಾಗೇ ಎದ್ದು ಹೊರಟು ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆವರು. ಒಳಗೆ ಬರಲಿಲ್ಲ. "ಬಾಯಿ ಬರಲಿಲ್ಲ ಕಣಪ್ಪಾ," ಅಂದರು. "ನಿನ್ನನ್ನ ಅಷ್ಟು ಜನರ ಮುಂದೆ ಹಂಗಿಸಿ, ಅಲ್ಲಿ ನಿಂತು ದೇವರ ಹತ್ರ ಏನು ಮಾತಾಡಲಿ? ತಪ್ಪಾಯ್ತು." ನಾನು ಬಾಗಿಲಿಗೆ ಒರಗಿಕೊಂಡು, ದೊಡ್ಡ ಮನುಷ್ಯನ ಹಾಗೆ, "ಪರವಾಗಿಲ್ಲ ಬಿಡಿ ಮಾಸ್ಟರ್" ಅಂದೆ.

ಸೋಮವಾರ ಮಿಷನ್ನುಗಳನ್ನೆಲ್ಲ ನಿಲ್ಲಿಸಿದರು. "ನಾನು ಏನು ಹೇಳಿದ್ದೆ ಅನ್ನೋದು ನನಗೆ ನೆನಪಿಲ್ಲ. ಆದ್ರೆ ಇವನು ಸುಳ್ಳು ಹೇಳೋನಲ್ಲ. ಕತ್ತರಿ ನನ್ನ ಕೈಯಲ್ಲಿತ್ತು, ನೋಡದೆ ಹಾಕಿದ್ದು ನಾನು" ಅಂದರು. ಯಜಮಾನರು ದೊಡ್ಡ ಮೇಜನ್ನು ಹೊಸಬನೊಬ್ಬನಿಗೆ ಕೊಟ್ಟರು. ಮಾಸ್ಟರ್ ಎರಡು ವರ್ಷ ಮೂಲೆಯ ಚಿಕ್ಕ ಮೇಜಿನಲ್ಲಿ ಕಾಲರ್ರು, ಜೇಬು ಕತ್ತರಿಸಿಕೊಂಡು ಇದ್ದರು. ಆ ಹೊಸಬನ ಕತ್ತರಿಗೆ ಸಾಣೆ ಹಿಡಿದು ಕೊಡುತ್ತಿದ್ದರು.

ಅಲ್ಲಿಂದ ಅವರು ಬೇರೆಯೇ ಮನುಷ್ಯ. ಕತ್ತರಿ ಹಾಕುವ ಮುಂಚೆ ಪಕ್ಕದಲ್ಲಿ ಯಾರಿದ್ದರೂ ಸರಿ, ಕರೆಯೋರು — "ಬನ್ನಿ, ಒಂದ್ಸಲ ನೋಡಿ ಹೇಳಿ." ಒಂದು ದಿನ ಕಸ ಗುಡಿಸುವ ಅಮ್ಮ, "ಮಾಸ್ಟ್ರೇ, ಈ ಜೇಬು ತಲೆಕೆಳಗಾಗಿ ಕೂತಿದೆ" ಅಂದರು. ಹೌದು, ಆಗಿತ್ತು. "ನಮ್ಮಮ್ಮ ಕಾಪಾಡಿದಳು" ಅಂತ ತಿಂಗಳುಗಟ್ಟಲೆ ಬಂದವರಿಗೆಲ್ಲ ಹೇಳಿದರು. ದೊಡ್ಡ ಮೇಜು ವಾಪಸ್ಸು ಸಿಕ್ಕ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಊಟದ ಪ್ರಾರ್ಥನೆ ಇಷ್ಟೇ ಆಗಿಹೋಯಿತು — "ತಂದೆ, ಇವತ್ತೂ ನೋಡಿ ಕತ್ತರಿಸೋ ಹಾಗೆ ಮಾಡು. ಆಮೆನ್." ಡಬ್ಬಿ ಬಿಸಿಯಾಗಿಯೇ ಇರುತ್ತಿತ್ತು. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬುತ್ತದೆ. ನಾನು ಅವರ ಪಕ್ಕದಲ್ಲೇ ಕೂರುತ್ತಿದ್ದೆ. ತಮ್ಮ ಪಾಲಿನದನ್ನು ನನ್ನ ಡಬ್ಬಿಗೆ ಹಾಕುತ್ತಿದ್ದರು. ನಾನು ತಿನ್ನುತ್ತಿದ್ದೆ.

ಈಗ ಹೇಳುತ್ತೇನೆ. — ಮಾಸ್ಟರ್ ಅವತ್ತು ನನಗೆ ಸರಿಯಾಗಿಯೇ ಹೇಳಿದ್ದರು. "ಒಂದು ಮೇಲೆ, ಒಂದು ಕೆಳಗೆ" ಅಂತ ಎರಡು ಸಲ ಹೇಳಿದ್ದರು. ನಾನು ಹರಟೆ ಹೊಡೆಯುತ್ತ ತಪ್ಪಾಗಿ ಹಾಸಿದೆ. ಬೈಸಿಕೊಂಡ ಉರಿಗೆ ಸುಳ್ಳು ಹೇಳಿದೆ. ಅವರು ತಮ್ಮ ನೆನಪನ್ನು ನಂಬದೆ ನನ್ನ ಮಾತನ್ನು ನಂಬಿದರು.

ಬೇಡ ಅಕ್ಕ, ಕೂತ್ಕೋ ಅಂತ ಕೈ ಮಾಡಬೇಡಿ. ಮುಗಿಸಿಬಿಡ್ತೀನಿ. ಮಾಸ್ಟರ್ ಕಾಯಿಲೆ ಬಿದ್ದು ಮಲಗಿದ್ದಾಗ ಆಸ್ಪತ್ರೆಗೆ ಎರಡು ಸಲ ಹೋದೆ, ಇದನ್ನು ಹೇಳಲೆಂದೇ ಹೋದೆ. ಮಿಷನ್ನಿನ ಬೆಲ್ಟು ಸವೆದಿದೆ, ಹೊಸ ಸೂಜಿ ಬಂದಿಲ್ಲ ಅಂತೆಲ್ಲ ಮಾತಾಡಿ ಎದ್ದು ಬಂದೆ. ಎರಡನೇ ಸಲ ಹೊರಡುವಾಗ ನನ್ನ ಕೈ ಹಿಡಿದು, "ಏನೋ ಹೇಳೋಕೆ ಬಂದಿದ್ದೆ ಅಲ್ವಾ?" ಅಂದರು. "ಏನಿಲ್ಲ ಮಾಸ್ಟರ್" ಅಂದೆ.

ಅಕ್ಕ, ನಿಮ್ಮ ಯಜಮಾನರು ಎರಡು ವರ್ಷ ಮೂಲೆಯಲ್ಲಿ ಕೂತದ್ದು ನನ್ನ ಸುಳ್ಳಿನಿಂದ. ತಪ್ಪಾಯ್ತು ಅನ್ನಲು ಅವರಿಗೆ ಒಂದು ರಾತ್ರಿ ಸಾಕಾಯಿತು. ನನಗೆ ಅವರು ತೀರಿಕೊಳ್ಳಬೇಕಾಯಿತು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮೌನವಾಗಿ ಅವರನ್ನು ನೆನೆಯೋಣ. ನನ್ನನ್ನು ಕ್ಷಮಿಸುವುದೋ ಬಿಡುವುದೋ, ಅದು ಆಮೇಲೆ, ಅಕ್ಕ — ನಿಮಗೆ ಬಿಟ್ಟದ್ದು.