ಅಗಲಪ್ಪನ ಗೆರೆ, ಹೊನ್ನಾಜಿಯ ಒಲೆ

ಮತ್ತೆ ಮಧ್ಯೆ ಬಾಯಿ ಹಾಕಿದಿರಾ? ಕಥೆ ಇನ್ನೂ ಹೊಸ್ತಿಲು ದಾಟಿಲ್ಲ, ಅಷ್ಟರಲ್ಲೇ ಯಾವ ಊರು, ಯಾವ ದೊರೆ, ಯಾವ ಕಾಲ ಅಂತ ಶುರು. ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಹೇಳದಿದ್ದರೆ ನೀವು ಬರುತ್ತೀರಿ. ತೊಟ್ಟಿಲಲ್ಲಿರುವ ಕೂಸು ಎದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಅದರ ಅಳುವನ್ನೇ ಕೇಳಿಕೊಂಡು ಕೂತಿರಿ. ಬಾಯಿ ಮುಚ್ಚಿ, ಕಿವಿ ತೆರೆಯಿರಿ.

ಕೋಳಿ ಕೂಗಲಿ ಅಂತ ಸೂರ್ಯ ಕಾಯುತ್ತಿದ್ದ ಕಾಲ. ಯಾರೂ ನೋಡದ ಒಂದು ನಾಡು, ನಾಡಿಗೊಬ್ಬ ದೊರೆ, ದೊರೆಗೊಬ್ಬ ಮಂತ್ರಿ. ದೊರೆ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜನ ಎಚ್ಚರವಾಗಿರುತ್ತಿದ್ದರು. ಅವನಿಗೆ ಊರು ಉದ್ಧಾರವಾಗಲಿ ಅನ್ನುವ ಆಸೆ. ಅದೇ ಊರಿಗೆ ಹಿಡಿದ ಗ್ರಹಚಾರ.

ಊರ ನಡುವೆ ಒಂದು ಬೀದಿ. ಎಷ್ಟು ಅಗಲ ಅಂತೀರಿ? ಎರಡು ಗಾಡಿ ಎದುರಾದರೆ ಗಾಡಿಯವರು ಒಬ್ಬರನ್ನೊಬ್ಬರು ಊಟ ಆಯಿತಾ ಅಂತ ಕೇಳಿಯೇ ದಾಟಬೇಕು, ಅಷ್ಟು. ಬೀದಿಯ ಈ ಕಡೆ ಹೊನ್ನಾಜಿಯ ಮನೆ, ಆ ಕಡೆ ಬೋರಕ್ಕನ ಮನೆ. ಎರಡು ಮನೆಗೂ ಬೀದಿಗೆ ಮುಖ ಮಾಡಿದ ಜಗಲಿ, ಜಗಲಿಗೆ ಹೊಂಗೆ ಮರದ ನೆರಳು. ಇವಳು ಸೊಪ್ಪು ಬಿಡಿಸುತ್ತಾ ಇಲ್ಲಿಂದ, ಅವಳು ಅಕ್ಕಿ ಆರಿಸುತ್ತಾ ಅಲ್ಲಿಂದ, ದನಿ ಎತ್ತದೆ ಊರಿನವರ ಮಾನವನ್ನೆಲ್ಲ ಹರಾಜು ಹಾಕುತ್ತಿದ್ದರು. ಹೊನ್ನಾಜಿಗೆ ನೀರು ಬೇಕಾದರೆ ಬೋರಕ್ಕನ ಹಿತ್ತಲ ಬಾವಿ. ಬೋರಕ್ಕನಿಗೆ ಹೆಪ್ಪು ಬೇಕಾದರೆ ಹೊನ್ನಾಜಿಯ ಮೊಸರಿನ ಗಡಿಗೆ. ಬೀದಿ ದಾಟಲು ಎಷ್ಟು ಹೊತ್ತು? ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಹೋಗಿ ಬರಬಹುದಿತ್ತು.

ಇನ್ನು ಆ ನಾಡಿನ ಒಂದು ಪದ್ಧತಿ ಹೇಳುತ್ತೇನೆ, ಕೇಳಿ. ದೊರೆ ಸಾರೋಟು ಏರಿ ಹೊರಟರೆ, ಗಾಡಿ ಇದ್ದವರೆಲ್ಲ ಗಾಡಿ ಕಟ್ಟಿಕೊಂಡು ಹಿಂದೆ ಹೋಗಬೇಕು. ಮನೆಯಲ್ಲಿ ಕೂತರೆ ದೊರೆಗೆ ಅವಮರ್ಯಾದೆ. ದೊರೆ ಬೇಟೆಗೆ ಹೋದರೂ ಹಿಂದೆ ಗಾಡಿ, ಗುಡಿಗೆ ಹೋದರೂ ಹಿಂದೆ ಗಾಡಿ. ಹುಟ್ಟಿದಾಗಿನಿಂದ ಹಾಗೇ ಆದ್ದರಿಂದ ತನ್ನ ಹಿಂದೆ ಇರುವವರೆಲ್ಲ ತಮ್ಮ ಪಾಡಿಗೆ ಎಲ್ಲಿಗೋ ಹೋಗುವವರು ಅಂತಲೇ ಅವನು ತಿಳಿದಿದ್ದ.

ಒಂದು ದಿನ ದೊರೆ ಊರು ನೋಡಲು ಹೊರಟ. ಹಿಂದೆ ಗಾಡಿಯ ಸಾಲು. ಬೀದಿ ಕಟ್ಟಿಕೊಂಡಿತು. ಸಾರೋಟು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಷ್ಟೊಂದು ಗಾಡಿ ಯಾಕಯ್ಯ ಅಂತ ದೊರೆ ಕೇಳಿದ. ಮಂತ್ರಿ ಕೈ ಮುಗಿದ.

"ಗಾಡಿ ಹೆಚ್ಚಿವೆ ಬುದ್ಧಿ, ರಸ್ತೆ ಕಮ್ಮಿ ಇದೆ. ಅಗಲ ಮಾಡಿದರೆ ಸರಿಹೋಗುತ್ತದೆ."

ಅವತ್ತಿನಿಂದ ಜನ ಆ ಮಂತ್ರಿಯನ್ನು ಅಗಲಪ್ಪ ಅಂತಲೇ ಕರೆದರು. ಅಗಲಪ್ಪ ಕೆಮ್ಮಣ್ಣು ಕಲಸಿಕೊಂಡು ಬಂದ, ಎರಡೂ ಕಡೆಯ ಜಗಲಿಗಳ ಮೇಲೆ ಗೆರೆ ಎಳೆದ. ಜಗಲಿ ಹೋಯಿತು, ಹೊಂಗೆ ಮರ ಹೋಯಿತು. ಹೊನ್ನಾಜಿ ಮಾತಾಡಬೇಕಾದರೆ ದನಿ ಎತ್ತಬೇಕಾಯಿತು.

ರಸ್ತೆ ಅಗಲವಾಯಿತು ಅಂತ ಗಾಡಿ ಇಲ್ಲದವರೂ ಗಾಡಿ ಮಾಡಿಸಿಕೊಂಡರು. ದೊರೆ ಅಗಲವಾದ ರಸ್ತೆ ನೋಡಲು ಬಂದ. ಹಿಂದೆ ಹಳೆಯ ಗಾಡಿ, ಅದರ ಹಿಂದೆ ಹೊಸ ಗಾಡಿ. ಮತ್ತೆ ಕಟ್ಟಿಕೊಂಡಿತು. ಇಷ್ಟೊಂದು ಗಾಡಿ ಯಾಕಯ್ಯ? ಗಾಡಿ ಹೆಚ್ಚಿವೆ ಬುದ್ಧಿ, ರಸ್ತೆ ಕಮ್ಮಿ ಇದೆ. ಮತ್ತೆ ಕೆಮ್ಮಣ್ಣು. ಈ ಸಲ ಪಡಸಾಲೆ ಹೋಯಿತು. ಹೊನ್ನಾಜಿ ಕೂಗಿದರೂ ಬೋರಕ್ಕನಿಗೆ ಕೇಳದೆ ಇಬ್ಬರೂ ಕೈಸನ್ನೆಗೆ ಇಳಿದರು. ಕೈಸನ್ನೆಯಲ್ಲಿ ಹೆಪ್ಪು ಕೇಳಬಹುದು, ಸೊಸೆಯ ಮೇಲೆ ಚಾಡಿ ಹೇಳಲು ಆಗುತ್ತದೆಯೇ?

ಮನೆ ಪೂರ್ತಿ ಹೋದವರಿಗೆ ಅಗಲಪ್ಪ ಗುಡ್ಡದ ಆಚೆ ಜಾಗ ಕೊಟ್ಟ. ನಾಲ್ಕು ಕಲ್ಲು ನೆಟ್ಟು ಹೊಸ ಬಡಾವಣೆ ಅಂದ. ಅಲ್ಲಿ ಅಂಗಡಿ ಇಲ್ಲ, ಶಾಲೆ ಇಲ್ಲ, ಸೂಲಗಿತ್ತಿ ಇಲ್ಲ. ಒಂದು ಕಟ್ಟು ಕೊತ್ತಂಬರಿಗೂ ಗಾಡಿ ಕಟ್ಟಬೇಕು. ಅಲ್ಲಿಗೆ ಹೋದ ಬಾಣಂತಿಯೊಬ್ಬಳು ಊರಿಗೆ ಬರಲಾಗದೆ ತವರಿಗೇ ಹೋದಳು ಅನ್ನುವ ಸುದ್ದಿ ಬಂದಾಗ, ಬಗಲಲ್ಲಿ ಕೂಸು ಇಟ್ಟುಕೊಂಡಿದ್ದ ಹೊನ್ನಾಜಿ ಅದನ್ನು ಎದೆಗೆ ಅವಚಿಕೊಂಡಳು. ಅವಳಿಗೆ ಉಳಿದಿದ್ದು ಒಂದು ಅಡಿಗೆಮನೆ. ಮಲಗುವುದೂ ಅಲ್ಲೇ, ಬೇಯಿಸುವುದೂ ಅಲ್ಲೇ.

ಮೂರನೇ ಸಲ ಅಗಲಪ್ಪ ಒಳಗೇ ಬಂದು ಒಲೆಯ ಮೇಲೆ ಗೆರೆ ಎಳೆದ. ಈ ಸಲ ಒಂದೇ ಕಡೆ ಒಡೆದರೆ ಸಾಕಂತೆ, ಅದು ಇವಳ ಕಡೆಯಂತೆ. ದೊರೆ ಬಂದು ನೋಡಿ ಒಪ್ಪಿದ ಕೂಡಲೇ ಹಾರೆ ಬೀಳುತ್ತದಂತೆ.

"ಮುದ್ದೆ ತಿರುವುವ ಕೋಲು ಇಟ್ಟುಕೊಳ್ಳಲೇ, ಇಲ್ಲಾ ಅದನ್ನೂ ರಸ್ತೆಗೆ ಹಾಸುತ್ತೀರಾ ಸ್ವಾಮಿ?" ಅಂದಳು ಹೊನ್ನಾಜಿ.

ಅಗಲಪ್ಪ ನಗಲಿಲ್ಲ. ದೊಡ್ಡ ಕೆಲಸ ಮಾಡುವವರು ನಗುವುದಿಲ್ಲ.

ದೊರೆ ಬಂದ. ಹಿಂದೆ ಗಾಡಿಯ ಹೊಳೆ. ಮರವಿಲ್ಲದ ರಸ್ತೆ ಬಾಣಲೆಯಂತೆ ಕಾದಿತ್ತು. ಹೊನ್ನಾಜಿಯ ಬಾಗಿಲ ಮುಂದೆಯೇ ಸಾರೋಟು ನಿಂತಿತು. ಅಗಲಪ್ಪ ದಾರಿ ಬಿಡಿಸಲು ಮುಂದಕ್ಕೆ ಹೋದ. ನಿಂತಲ್ಲೇ ನಿಂತು ದೊರೆಯ ನಾಲಿಗೆ ಒಣಗಿತು. ಇಳಿದು ಬಂದು ನೀರು ಕೇಳಿದ.

"ಕೊಡ ಖಾಲಿ ಬುದ್ಧಿ," ಅಂದಳು ಹೊನ್ನಾಜಿ. "ಬಾವಿ ಆ ಕಡೆ ಇದೆ. ಬೆಳಗಿನಿಂದ ದಾಟೋಣ ಅಂತ ನಿಂತಿದ್ದೀನಿ, ನಿಮ್ಮ ರಸ್ತೆ ಬಿಡುತ್ತಿಲ್ಲ."

"ನಾನು ಮಾಡಿಸಿದ ರಸ್ತೆ, ನನ್ನನ್ನು ಬಿಡದೇ ಇರುತ್ತದೆಯೇ?"

"ಹಾಗಾದರೆ ಕೊಡ ಹಿಡಿಯಿರಿ. ಕಿರೀಟ ಇಲ್ಲೇ ಇರಲಿ, ಓಡುವಾಗ ಬಿದ್ದೀತು."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ದೊರೆಯೂ ಬಂದ. ಕಿರೀಟ ತೆಗೆದಿಟ್ಟು, ಕೊಡ ಹಿಡಿದು ರಸ್ತೆಗೆ ಕಾಲಿಟ್ಟ. ಒಬ್ಬ ಗಾಡಿಯವನು ಕಣ್ಣು ಕಾಣೋದಿಲ್ವೇನಯ್ಯ ಅಂದ. ಇನ್ನೊಬ್ಬ ಮನೇಲಿ ಹೇಳಿ ಬಂದಿದ್ದೀಯಾ ಅಂದ. ಅರಮನೆಯ ಕಾವಲುಗಾರ ಕೋಲೆತ್ತಿ, ನಡೆಯುವವರಿಗೆ ಇಲ್ಲೇನು ಕೆಲಸ ಅಂದ. ದೊರೆ ನಡುರಸ್ತೆಯಲ್ಲಿ ಸಿಕ್ಕಿಕೊಂಡ. ಮುಂದೆ ಗಾಡಿ, ಹಿಂದೆ ಗಾಡಿ, ತಲೆಯ ಮೇಲೆ ಬಿಸಿಲು, ಕೈಯಲ್ಲಿ ಖಾಲಿ ಕೊಡ.

ಬೇರೆ ಕೆಲಸವಿಲ್ಲದೆ ಪಕ್ಕದ ಗಾಡಿಯವನನ್ನು ಎಲ್ಲಿಗೆ ಹೊರಟೆ ಅಂತ ಕೇಳಿದ. ದೊರೆಯ ಹಿಂದೆ ಅಂದ ಅವನು. ಎರಡನೆಯವನನ್ನು ಕೇಳಿದ. ದೊರೆಯ ಹಿಂದೆ. ಮೂರನೆಯವನು ಸಿಟ್ಟಿಗೆದ್ದ.

"ರಸ್ತೆ ಸಾಕಾಗುತ್ತೋ ಇಲ್ಲವೋ ಅಂತ ದೊರೆ ನೋಡೋಕೆ ಬಂದಿದ್ದಾನಲ್ಲಯ್ಯ, ಅವನ ಹಿಂದೆ ಹೊರಟಿದ್ದೀವಿ. ಬೇರೆ ದಿನ ಈ ರಸ್ತೇಲಿ ನನಗೇನು ಕೆಲಸ? ಬೇರೆ ದಿನ ಇಲ್ಲಿ ಹಪ್ಪಳ ಒಣಗಿಸುತ್ತಾರೆ."

ದೊರೆ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತ. ಕೂತು ಯೋಚಿಸಿದ. ದೊರೆಗಳು ಯೋಚಿಸುವುದು ಅಪರೂಪ, ಕೂರಲು ಕೊಡವೇ ಆಗಬೇಕು ಅಂತ ಯಾರಿಗೆ ಗೊತ್ತಿತ್ತು?

ಗಾಡಿಗಳು ಚದುರಿದ ಮೇಲೆ ಹೊನ್ನಾಜಿ ಬಂದು ಅವನನ್ನು ದಾಟಿಸಿದಳು. ಬೋರಕ್ಕ ನೀರು ಸೇದಿ ಕೊಟ್ಟಳು. ಕುಡಿದು ಬಾಯಿ ಒರೆಸಿಕೊಂಡು ದೊರೆ ಅಪ್ಪಣೆ ಮಾಡಿದ. ಇನ್ನು ಮುಂದೆ ತನ್ನ ಹಿಂದೆ ಗಾಡಿ ತರಕೂಡದು. ಹೊನ್ನಾಜಿಯ ಒಲೆಯನ್ನು ಯಾರೂ ಮುಟ್ಟಕೂಡದು. ಅರ್ಧ ರಸ್ತೆಗೆ ಮರ ನೆಟ್ಟು ನಡೆಯುವವರಿಗೆ ಬಿಡಬೇಕು.

ಹೊನ್ನಾಜಿ ಅವತ್ತು ಗೆರೆ ತೊಳೆದು ಒಲೆಗೆ ಸಗಣಿ ಸಾರಿಸಿ ಪಾಯಸ ಮಾಡಿದಳು. ಕಥೆ ಮುಗಿಯಿತು ಅಂತ ಏಳುತ್ತಿದ್ದೀರಾ? ಕೂತುಕೊಳ್ಳಿ. ಅಗಲಪ್ಪ ಇನ್ನೂ ಕೆಲಸದಲ್ಲೇ ಇದ್ದಾನೆ.

ಸಸಿಗಳು ಆಳೆತ್ತರವಾದ ಮೇಲೆ ದೊರೆ ಅವನ್ನು ನೋಡಲು ಬಂದ, ಈ ಸಲ ನಡೆದುಕೊಂಡು. ಗಾಡಿ ತರಬೇಡಿ ಅಂದಿದ್ದನಲ್ಲ, ಜನ ಮಾತು ಮೀರಲಿಲ್ಲ. ಊರಿಗೆ ಊರೇ ನಡೆದುಕೊಂಡು ಹಿಂದೆ ಬಂತು. ಕಾಲಿಡಲು ಜಾಗವಿಲ್ಲ. ಗಾಡಿಯಲ್ಲಿ ಬಂದವರು ತನ್ನ ಹಿಂದೆ ಬಂದವರು ಅಂತ ದೊರೆ ಕಲಿತಿದ್ದ. ನಡೆದು ಬಂದವರು ಮಾತ್ರ ನಡಿಗೆಯ ಮೇಲಿನ ಪ್ರೀತಿಗೆ ಬಂದವರು ಅಂದುಕೊಂಡ. ಒಂದು ಪಾಠಕ್ಕೆ ಒಂದು ಕೊಡ ಸಾಕು, ಎರಡನೆಯದಕ್ಕೆ ಇನ್ನೊಂದು ಬೇಡವೇ? ಹಿಗ್ಗಿ ಹೀರೇಕಾಯಿಯಾಗಿ ಇಷ್ಟೊಂದು ಜನ ಯಾಕಯ್ಯ ಅಂತ ಕೇಳಿದ.

"ನಡೆಯುವವರು ಹೆಚ್ಚಿದ್ದಾರೆ ಬುದ್ಧಿ, ದಾರಿ ಕಮ್ಮಿ ಇದೆ. ಅಗಲ ಮಾಡಿದರೆ ಸರಿಹೋಗುತ್ತದೆ."

ಒಳ್ಳೆಯ ಕೆಲಸ, ಬೇಗ ಆಗಲಿ ಅಂದ ದೊರೆ.

ಅಗಲಪ್ಪ ಕೆಮ್ಮಣ್ಣು ಹಿಡಿದು ಬಂದಾಗ ಹೊನ್ನಾಜಿ ಬಾಗಿಲಿಗೆ ಅಡ್ಡ ನಿಂತಳು. ಅವನು ಮರ್ಯಾದೆಯಿಂದ ತಲೆ ಬಾಗಿಸಿದ. ನಿಮ್ಮ ಒಲೆಗೆ ದೊರೆಯ ಅಪ್ಪಣೆ ಇದೆ ತಾಯಿ, ನಾವು ಮುಟ್ಟುವುದಿಲ್ಲ ಅಂದ. ಹಾಗೆ ಅಂದು ರಸ್ತೆ ದಾಟಿದ, ಬೋರಕ್ಕನ ಅಡಿಗೆಮನೆಗೆ ಹೋದ, ಅಲ್ಲಿಂದ ಹಿತ್ತಲ ಬಾವಿಯವರೆಗೂ ಗೆರೆ ಎಳೆದ.

ಹೊನ್ನಾಜಿ ಓಡಿದಳು. ಬೋರಕ್ಕ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಇಬ್ಬರೂ ದನಿ ಎತ್ತದೆ ಮಾತಾಡುವಷ್ಟು ಹತ್ತಿರ ಕೂತರು.

ದಾರಿ ಬೆಳೆದಷ್ಟು ಕಥೆ ಬೆಳೆಸಬಾರದು. ಇದ್ದವರು ಇದ್ದಲ್ಲೇ ಇರಲಿ, ಕೇಳಿದವರ ಮನೆಗೆ ಜಗಲಿ ಉಳಿಯಲಿ. ಬೋರಕ್ಕ ಕೇಳಿದ ಮಾತೊಂದು ಮಾತ್ರ ಬಾಕಿ.

"ನಿನ್ನ ಮನೆ ಉಳಿಯೋಕೆ ದೊರೆಗೆ ಬಾಯಾರಿತು, ಹೊನ್ನಾಜಿ. ನನ್ನ ಮನೆ ಉಳಿಯೋಕೆ ಯಾರಿಗೆ ಬಾಯಾರಬೇಕು?"